ಒಂದೇ ಲೈಬ್ರರಿ, ಮೂರು ವರ್ಷನ್!

ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ನಲ್ಲಿ ಮೂರು ಜಾವಾ ಮಾಡ್ಯೂಲ್, ಬರೆದವರೂ ಮೂವರು. ಡೆಮೋ ಹಿಂದಿನ ರಾತ್ರಿ ಸೇರಿಸಿದೆವು. ಕಂಪೈಲ್ ಆಯ್ತು; ರನ್ ಮಾಡಿದ್ರೆ 'ನೋ ಸಚ್ ಮೆಥಡ್ ಎರರ್'! ಜಾಕ್ಸನ್ ಲೈಬ್ರರಿಯ ಬೇರೆ ಬೇರೆ ವರ್ಷನ್‌ಗಳನ್ನು ಒಬ್ಬೊಬ್ಬರೂ ಹಾಕಿಕೊಂಡಿದ್ದೆವು. ಮೇವನ್ ಅದರಲ್ಲಿ ಒಂದನ್ನು ಮಾತ್ರ ಆರಿಸುತ್ತೆ: ಹೊಸದನ್ನಲ್ಲ, ಡಿಪೆಂಡೆನ್ಸಿ ಮರದಲ್ಲಿ ಹತ್ತಿರ ಇರೋದನ್ನು. ನಮಗೆ ಸಿಕ್ಕಿದ್ದು ಮುಖ್ಯ ಮಾಡ್ಯೂಲ್‌ನಲ್ಲಿದ್ದ ಹಳೆಯದು.

ಪರಿಹಾರ ಸುಲಭ. ಪೇರೆಂಟ್ ಪಾಮ್ ಫೈಲ್‌ನ 'ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್' ಭಾಗದಲ್ಲಿ ವರ್ಷನ್ ಒಂದೇ ಸಲ ಬರೆಯಿರಿ. ಮಾಡ್ಯೂಲ್‌ಗಳಲ್ಲಿ ಲೈಬ್ರರಿಯ ಹೆಸರು ಸಾಕು, ವರ್ಷನ್ ಬೇಡ. ಅಲ್ಲಿ ಬರೆದರೆ ಅದೇ ಗೆಲ್ಲುತ್ತೆ. ಪೇರೆಂಟ್‌ನಲ್ಲಿ ಬರೆದ ಮಾತ್ರಕ್ಕೆ ಲೈಬ್ರರಿ ಬರಲ್ಲ, ಮಾಡ್ಯೂಲ್ ಕೇಳಲೇಬೇಕು. ಕೊನೆಗೆ ಯಾವ ವರ್ಷನ್ ಬಂತು ಅಂತ 'ಎಂವಿಎನ್ ಡಿಪೆಂಡೆನ್ಸಿ:ಟ್ರೀ' ಕಮಾಂಡ್ ತೋರಿಸುತ್ತೆ. ಇದನ್ನು ಪ್ರಾಜೆಕ್ಟ್‌ನ ಮೊದಲ ದಿನವೇ ಮಾಡಿ. ನಮ್ಮ ಹಾಗೆ ಡೆಮೋ ರಾತ್ರಿ ಅಲ್ಲ!