ಎರಡು ಶಾಸ್ತ್ರಗಳ ಪದವಿ

(ಬಾನುಲಿ ಭಾಷಣ)

ಮನಸ್ಸಿನ ಬೇನೆಗೆ ಚಿಕಿತ್ಸೆ ಮಾಡುವ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆಯಬೇಕು. ಆದರೆ ಅದಕ್ಕಾಗಿ ದೇವರು, ಧರ್ಮಗಳ ವಿಚಾರವನ್ನು ಬಾಗಿಲ ಹೊರಗೆ ಬಿಟ್ಟು ಹೋಗಬಾರದು. ಹೀಗೆ ಬಯಸುವ ತರುಣ ತರುಣಿಯರು ನನಗೆ ಆಗಾಗ ಸಿಗುತ್ತಾರೆ. ಕೆಲವರು ಮಠದ ಶಾಲೆಯಲ್ಲಿ ಓದಿದವರು, ಕೆಲವರು ಇಗರ್ಜಿಯ ನೆರಳಿನಲ್ಲಿ ಬೆಳೆದವರು. ಅವರ ಪ್ರಶ್ನೆ ಒಂದೇ: ಚಿಕಿತ್ಸಾ ಮನೋವಿಜ್ಞಾನವೂ ದೈವಶಾಸ್ತ್ರವೂ ಕೂಡಿದ ಪದವಿ ಉಂಟೆ? ಉಂಟಾದರೆ ಅದಕ್ಕೆ ಏನೇನು ಬೇಕು? ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಅದರ ಹಿಂದಿರುವ ಇನ್ನೊಂದು ಪ್ರಶ್ನೆ, ಅಂದರೆ ಈ ಎರಡು ಶಾಸ್ತ್ರಗಳು ಜೊತೆಗೂಡಬೇಕಾದದ್ದಾದರೂ ಏಕೆ ಎಂಬುದು, ಹೆಚ್ಚು ಯೋಚನೆಗೆ ತಕ್ಕದ್ದು.

ಅಮೆರಿಕದಲ್ಲಿ ಇಂಥ ಪದವಿ ಉಂಟು. ಅದರ ಬೇರು ಒಬ್ಬ ಪಾದ್ರಿಯ ಸಂಕಟದಲ್ಲಿದೆ. ಆಂಟನ್ ಬಾಯ್ಸನ್ ಎಂಬ ಧರ್ಮೋಪದೇಶಕ 1920ರಲ್ಲಿ ತಾನೇ ಚಿತ್ತಭ್ರಮೆಗೆ ಒಳಗಾಗಿ ಆಸ್ಪತ್ರೆ ಸೇರಿದ. ಗುಣಹೊಂದಿದ ಮೇಲೆ ಆತ ಓಡಿಹೋಗಲಿಲ್ಲ. ವೂಸ್ಟರ್ ನಗರದ ಮಾನಸಿಕ ಆಸ್ಪತ್ರೆಯಲ್ಲಿಯೇ ಧರ್ಮಗುರುವಾಗಿ ನಿಂತು, 1925ರಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆತಂದ. ಗ್ರಂಥಗಳನ್ನು ಓದುವಷ್ಟೇ ಶ್ರದ್ಧೆಯಿಂದ ನೊಂದ ಮನುಷ್ಯನನ್ನೂ ಓದಬೇಕೆಂಬುದು ಆತನ ನಿಲುವು. ಅನಂತರ 1965ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿ ತನ್ನಲ್ಲಿಯೇ ಮನೋವಿಜ್ಞಾನದ ಶಾಲೆಯೊಂದನ್ನು ತೆರೆಯಿತು. ಆಮೇಲೆ ಹುಟ್ಟಿದ ರೋಸ್‌ಮೀಡ್ ಶಾಲೆ 1977ರಲ್ಲಿ ಬಯೋಲಾ ಸಂಸ್ಥೆಯೊಡನೆ ಸೇರಿತು.

ಇಂಥ ಶಾಲೆಯ ವಿದ್ಯಾರ್ಥಿಗೆ ಯಾವ ರಿಯಾಯಿತಿಯೂ ಇಲ್ಲ. ಪದವಿಯ ಅನಂತರ ಐದಾರು ವರ್ಷಗಳ ವ್ಯಾಸಂಗ, ಮನೋರೋಗ ವಿಚಾರ, ಪರೀಕ್ಷಾ ವಿಧಾನಗಳು, ಸಂಖ್ಯಾಶಾಸ್ತ್ರ, ಚಿಕಿತ್ಸಾಕ್ರಮ, ಹಿರಿಯರ ಕಣ್ಣೆದುರು ರೋಗಿಗಳೊಡನೆ ಅಭ್ಯಾಸ, ಒಂದು ಮಹಾಪ್ರಬಂಧ, ಕೊನೆಗೆ ಇಡೀ ಒಂದು ವರ್ಷದ ಇಂಟರ್ನ್‌ಶಿಪ್. ಇಷ್ಟಾದ ಮೇಲೂ ವೃತ್ತಿ ಮಾಡಬೇಕಾದರೆ ಆಯಾ ರಾಜ್ಯದ ಪರವಾನಗಿ ಬೇಕು. ಬೇರೆ ವಿಶ್ವವಿದ್ಯಾಲಯಗಳಲ್ಲಿಯೂ ಇದೆಲ್ಲ ಉಂಟು. ಇಲ್ಲಿ ಇದರ ಮೇಲೆ ಧರ್ಮಗ್ರಂಥ, ಸಭೆಯ ಚರಿತ್ರೆ, ಸಿದ್ಧಾಂತ, ನೀತಿಶಾಸ್ತ್ರಗಳ ಓದು ಬೇರೆ. ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳಲು ಬರುವುದಿಲ್ಲ.

ನಮ್ಮಲ್ಲಿ ಹೀಗೆ ಒಂದೇ ಸೂರಿನ ಏರ್ಪಾಡು ಇಲ್ಲ. ಎರಡು ಬಾಗಿಲುಗಳನ್ನು ಬೇರೆಬೇರೆಯಾಗಿ ತಟ್ಟಬೇಕು. ಮೊದಲ ಬಾಗಿಲಿನ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಬಂದೊಡನೆ ಚಿಕಿತ್ಸೆಯ ಅಧಿಕಾರವೂ ಬಂತೆಂದು ನಾವು ತಿಳಿಯುತ್ತೇವೆ. ಪಿಎಚ್.ಡಿ. ಎಂಬುದು ಸಂಶೋಧನೆಯ ಪದವಿ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಅದಕ್ಕೆ ಕನಿಷ್ಠ ಮೂರು ವರ್ಷ. ಸ್ನಾತಕೋತ್ತರ ಪದವಿಯ ಮೂಲಕ ಬರುವವರಿಗೆ ಸಾಮಾನ್ಯವಾಗಿ ಶೇಕಡಾ 55 ಅಂಕ ಇರಬೇಕು. ಆ ಪದವಿಯೊಂದರಿಂದಲೇ ರೋಗಿಯ ಎದುರು ಕುಳಿತುಕೊಳ್ಳುವ ಹಕ್ಕು ದೊರೆಯುವುದಿಲ್ಲ.

ಆ ಹಕ್ಕನ್ನು ಕೊಡುವುದು ಬೇರೊಂದು ತರಬೇತಿ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ವೈದ್ಯಕೀಯ ಮನೋವಿಜ್ಞಾನದ ಡಿಪ್ಲೊಮಾ ತರಗತಿಯನ್ನು ತೆರೆಯಿತು. ಆ ಸಂಸ್ಥೆಯೂ ಹಳೆಯ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎರಡು ವರ್ಷದ ಎಂ.ಫಿಲ್. ಆಯಿತು. ಮನೋವಿಜ್ಞಾನದ ಸ್ನಾತಕೋತ್ತರ ಪದವಿ, ಪ್ರವೇಶ ಪರೀಕ್ಷೆ, ಬಳಿಕ ಆಸ್ಪತ್ರೆಯ ವಾರ್ಡುಗಳಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ಎರಡು ವರ್ಷದ ಪೂರ್ಣಾವಧಿ ಕೆಲಸ: ಇದು ಬಹುಕಾಲ ನಡೆದುಬಂದ ದಾರಿ. ದೇಶದಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದಾಗ, ಈ ವಿಷಯಕ್ಕೆ 2025–26ರ ಪ್ರವೇಶದವರೆಗೆ ಅವಕಾಶ ಕೊಟ್ಟರು. ಭಾರತೀಯ ಪುನರ್ವಸತಿ ಪರಿಷತ್ತು ಚಿಕಿತ್ಸಾ ಮನೋವಿಜ್ಞಾನದ ಎಂ.ಎ. ಮತ್ತು ಸೈ.ಡಿ., ಅಂದರೆ ಡಾಕ್ಟರ್ ಆಫ್ ಸೈಕಾಲಜಿ, ತರಗತಿಗಳನ್ನೂ ರೂಪಿಸಿದೆ. ಪಿಎಚ್.ಡಿ.ಯಂತಲ್ಲದೆ ಸೈ.ಡಿ. ಮುಖ್ಯವಾಗಿ ಚಿಕಿತ್ಸಕನನ್ನು ತಯಾರುಮಾಡುವ ಡಾಕ್ಟರೇಟು. ಯಾವ ದಾರಿಯಿಂದ ಬಂದರೂ ಪರಿಷತ್ತಿನ ದಾಖಲೆಯಲ್ಲಿ ಹೆಸರು ನೋಂದಾಯಿಸಲೇಬೇಕು. 1992ರ ಕಾಯಿದೆಯ ಪ್ರಕಾರ ನೋಂದಣಿಯಿಲ್ಲದೆ ಈ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಆ ವರ್ಷದ ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ನೋಡಿಕೊಳ್ಳುವುದು ಜಾಣತನ.

ಎರಡನೆಯ ಬಾಗಿಲಿಗೂ ಕರ್ನಾಟಕ ದೂರವಲ್ಲ. 1910ರಲ್ಲಿ ಸ್ಥಾಪಿತವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಬೆಂಗಳೂರಿನಲ್ಲಿಯೇ ಇದೆ. ಅದರ ವಿದ್ಯಾರ್ಥಿಗಳು ಸೆರಾಂಪುರದ ಪದವಿಗಳನ್ನು ಪಡೆಯುತ್ತಾರೆ. ಕ್ಯಾಥೋಲಿಕರ ಧರ್ಮಾರಾಮ್ ವಿದ್ಯಾಕ್ಷೇತ್ರವೂ ಅದೇ ನಗರದಲ್ಲಿದೆ. ವೇದಾಂತ, ವೀರಶೈವ, ಜೈನ ದರ್ಶನಗಳನ್ನು ಓದಬಯಸುವವರಿಗೆ ವಿಶ್ವವಿದ್ಯಾಲಯಗಳೂ ಸಂಸ್ಕೃತ ಪಾಠಶಾಲೆಗಳೂ ಇವೆ. ಹಾಗಾದರೆ ಕೊರತೆ ಎಲ್ಲಿ? ಈ ಎರಡು ಬಾಗಿಲುಗಳ ನಡುವೆ ಓಣಿಯಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನ್ನೂ ಬಯಸಿದವನು ಎರಡು ಸಲ ವಿದ್ಯಾರ್ಥಿಯಾಗಬೇಕು.

ಈ ಹಂಬಲ ನಮ್ಮ ನೆಲಕ್ಕೆ ಹೊಸತಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಅವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಬಿತ್ತರಿಸಿದವರು. ಮನಸ್ಸಿನ ವಿಚಾರವಾಗಿ ಬಾನುಲಿಯಲ್ಲಿ ಮಾತನಾಡುವ ನಾವೆಲ್ಲ ಅವರಿಗೆ ಎರಡು ರೀತಿಯಲ್ಲಿ ಋಣಿಗಳು. ಬೆಂಗಳೂರಿನ ಸಂಸ್ಥೆಯ ಮೊದಲ ನಿರ್ದೇಶಕರಾದ ಡಾ. ಎಂ. ವಿ. ಗೋವಿಂದಸ್ವಾಮಿಯವರಂತೂ ಮನೋವೈದ್ಯರಾಗಿದ್ದೂ ಭಾರತೀಯ ದರ್ಶನಗಳಲ್ಲಿ ಆಳವಾದ ಆಸಕ್ತಿಯುಳ್ಳವರು. ಪಶ್ಚಿಮದ ವಿದ್ಯೆಯನ್ನು ಪೂರ್ತಿ ಕಲಿತ ಮೇಲೆ ಅವರು ಇತ್ತ ತಿರುಗಿದರೆಂಬುದು ಗಮನಿಸಬೇಕಾದ ಮಾತು.

ಇನ್ನು ಎರಡನೆಯ ಪ್ರಶ್ನೆ. ನಾನು ಆನಂದಪುರದ ಸೀಮೆಯಲ್ಲಿ ಬೆಳೆದವನು. ನಮ್ಮ ಕಡೆ ಮನೆಯಲ್ಲೊಬ್ಬರಿಗೆ ನಿದ್ದೆ ಕೆಟ್ಟು ಮಾತು ಅಡ್ಡಾದಿಡ್ಡಿಯಾದರೆ ಮೊದಲ ಪಯಣ ಆಸ್ಪತ್ರೆಗಲ್ಲ. ಚೌಡಿಗೊಂದು ಹರಕೆ, ಪಾತ್ರಿಯ ಬಳಿ ಪ್ರಶ್ನೆ, ಕೊರಳಿಗೊಂದು ತಾಯಿತ, ಸಿಗಂದೂರಿಗೆ ಒಮ್ಮೆ ಹೋಗಿಬರುವುದು; ಇವೆಲ್ಲ ಆದ ಮೇಲೆ ಶಿವಮೊಗ್ಗದ ಬಸ್ಸು. ಸಾಗರದ ಮಾರಿಕಾಂಬಾ ಜಾತ್ರೆಯಂಥ ಸಂದರ್ಭದಲ್ಲಿ ಹೆಣ್ಣುಮಗಳೊಬ್ಬಳ ಮೈಮೇಲೆ ದೇವಿ ಬಂದರೆ ನಾವು ಕೈಮುಗಿಯುತ್ತೇವೆ. ಅದೇ ಹೆಣ್ಣುಮಗಳು ಜಾತ್ರೆಯಿಲ್ಲದ ದಿನ, ತನಗೆ ಬೇಡವೆಂದರೂ ಬಿಡದ ಆವೇಶದಲ್ಲಿ ಅನ್ನ ನಿದ್ದೆ ಬಿಟ್ಟು ನರಳಿದರೆ? ಮೊದಲನೆಯದು ಪೂಜೆ, ಎರಡನೆಯದು ಕಾಯಿಲೆಯಾಗಿರಬಹುದು. ಇವನ್ನು ಬೇರ್ಪಡಿಸುವವರು ಯಾರು?

ಇದು ಬರಿಯ ಹಳ್ಳಿಯ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ ಹತ್ತನೆಯ ಆವೃತ್ತಿ ಆವೇಶವನ್ನು ರೋಗಗಳ ಪಟ್ಟಿಯಲ್ಲಿ ಸೇರಿಸುತ್ತ ಒಂದು ಗೆರೆ ಎಳೆದಿದೆ. ಆವೇಶವು ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿರಬೇಕು. ಆಯಾ ಸಮಾಜ ಒಪ್ಪಿದ ಧಾರ್ಮಿಕ ಸಂದರ್ಭದ ಆಚೆಗೆ ಬಂದಿರಬೇಕು. ಆಗ ಮಾತ್ರ ಅದು ರೋಗ. ಸಮಾಜ ಒಪ್ಪಿದ ಧಾರ್ಮಿಕ ಸಂದರ್ಭ ಯಾವುದೆಂದು ಅರಿಯದವನು ಈ ಗೆರೆಯನ್ನು ಎಲ್ಲಿ ಎಳೆಯಬಲ್ಲ? ಧರ್ಮದ ತಿಳಿವಳಿಕೆ ಇಲ್ಲಿ ಚಿಕಿತ್ಸಕನಿಗೆ ಅಲಂಕಾರವಲ್ಲ. ರೋಗನಿದಾನದ ಒಂದು ಭಾಗವೇ ಆಗಿದೆ.

ತಮಿಳುನಾಡಿನ ಎರಡು ಪ್ರಸಂಗಗಳು ಈ ಮಾತಿನ ಎರಡು ಮುಖಗಳನ್ನೂ ತೋರಿಸುತ್ತವೆ. 2001ರ ಆಗಸ್ಟ್ 6ರಂದು ಏರ್ವಾಡಿಯ ದರ್ಗಾದ ಬಳಿ, ಮನೋರೋಗಿಗಳನ್ನು ಇರಿಸಿಕೊಂಡಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ ಹೋದರು. ಸತ್ತವರು 28 ಮಂದಿ. ಮರುವರ್ಷ, ನಿಮ್ಹಾನ್ಸಿನ ಮನೋವೈದ್ಯ ಡಾ. ಆರ್. ರಘುರಾಮ್ ಮತ್ತು ಸಂಗಡಿಗರ ಅಧ್ಯಯನವೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮುತ್ತುಸ್ವಾಮಿಯ ಗುಡಿಯೊಂದರಲ್ಲಿ ತಂಗಿದ್ದ 31 ಜನರನ್ನು ಅವರು ಪರೀಕ್ಷಿಸಿದ್ದರು. ಸರಾಸರಿ ಆರು ವಾರಗಳ ವಾಸದ ಬಳಿಕ ಅವರ ರೋಗಲಕ್ಷಣಗಳ ಅಳತೆ ಸುಮಾರು ಶೇಕಡಾ 20ರಷ್ಟು ಇಳಿದಿತ್ತು. ಅಧ್ಯಯನ ಸಣ್ಣದು, ಗುಡಿಯೇ ಸಾಕು, ಔಷಧ ಬೇಡ ಎಂದು ಅದರಿಂದ ಸಾಧಿಸಲು ಬಾರದು. ಆದರೆ ಬೆದರಿಕೆಯಿಲ್ಲದ ಜಾಗ, ಆದರದ ನೋಟ ನೊಂದವರಿಗೆ ಆಸರೆಯಾಗುತ್ತದೆಂಬುದನ್ನು ಅದು ಕಾಣಿಸಿತು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಪೂರ್ತಿಯಾಗಿ ನಿಷೇಧಿಸಿದೆ. ಆದರೆ ಸರಪಳಿಯಿರುವ ಸ್ಥಳವನ್ನೂ ಆಸರೆಯಿರುವ ಸ್ಥಳವನ್ನೂ ಗುರುತಿಸಿ, ರೋಗಿಯ ಮನೆಯವರಿಗೆ ಅವರ ನಂಬಿಕೆಗೆ ನೋವಾಗದಂತೆ ತಿಳಿಹೇಳುವ ಜನ ಕಾಯಿದೆಯಿಂದ ಹುಟ್ಟುವುದಿಲ್ಲ.

ಎರಡು ಶಾಸ್ತ್ರಗಳನ್ನು ಕಲಿಯಹೊರಟವರಿಗೆ ಯಾವ ಪಠ್ಯಪಟ್ಟಿಯಲ್ಲೂ ಕಾಣದ ಎರಡು ಮಾತುಗಳನ್ನು ಹೇಳಬೇಕಾಗಿದೆ. ಒಂದು, ಚಿಕಿತ್ಸೆಯ ಕೋಣೆ ಉಪದೇಶದ ವೇದಿಕೆಯಲ್ಲ. ತನ್ನ ದೇವರನ್ನು ರೋಗಿಯ ಮೇಲೆ ಹೇರುವವನೂ, ರೋಗಿಯ ದೇವರನ್ನು ಕಂಡು ನಗುವವನೂ ಒಂದೇ ಬಗೆಯ ಅಪಚಾರ ಮಾಡುತ್ತಾರೆ. ಹರಕೆಯ ಮಾತೆತ್ತಿದ್ದಕ್ಕೆ ಗದರಿಸಿಕೊಂಡ ತಾಯಿ ಮಗನನ್ನು ಮತ್ತೆ ಆಸ್ಪತ್ರೆಗೆ ಕರೆತರುವುದಿಲ್ಲ. ನಷ್ಟ ಆ ಮಗನದು. ಇನ್ನೊಂದು, ಭಾಷೆ. ನಮ್ಮ ಜನ ಖಿನ್ನತೆ ಎನ್ನುವುದಿಲ್ಲ; ‘ಯಾವುದಕ್ಕೂ ಮನಸ್ಸಿಲ್ಲ’, ‘ಎದೆ ಭಾರ’, ‘ಯಾರೋ ಮಾಡಿಸಿದ್ದಾರೆ’ ಎನ್ನುತ್ತಾರೆ. ಕನ್ನಡದಲ್ಲಿ ಇಂಥ ವಿಷಯವನ್ನು ತಿಳಿಯಾಗಿ ಹೇಳಬಹುದೆಂಬುದಕ್ಕೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ವೇ ಸಾಕ್ಷಿ, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಎರಡು ಶಾಸ್ತ್ರಗಳಿಗೂ ಸೇರಿ ಒಂದೇ ಪದವಿಪತ್ರ ನಮ್ಮಲ್ಲಿ ಎಂದಾದರೂ ದೊರೆತೀತು. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮೊದಲು ಚಿಕಿತ್ಸೆಯ ತರಬೇತಿ ಮತ್ತು ನೋಂದಣಿ. ಅದರೊಡನೆ ಅಥವಾ ಅದರ ಬಳಿಕ ದರ್ಶನಗಳ ಶಿಸ್ತಿನ ಓದು: ಈ ಕ್ರಮವನ್ನು ಹಿಡಿದು ನಡೆಯುವವರಿಗೆ ದಾರಿ ಇಂದೂ ತೆರೆದಿದೆ. ಹಾಗೆ ಕಲಿತ ಒಬ್ಬರು ನಮ್ಮ ಆನಂದಪುರದಂಥ ಊರಿಗೆ ಬಂದು ನೆಲೆಸಿದರೆ, ಚೌಡಿಯ ಬನಕ್ಕೂ ಶಿವಮೊಗ್ಗದ ಆಸ್ಪತ್ರೆಗೂ ನಡುವೆ ರೋಗಿ ಕಳೆದುಕೊಳ್ಳುವ ತಿಂಗಳುಗಳು ದಿನಗಳಿಗೆ ಇಳಿದಾವು.