ಕೋವಿ ಎತ್ತುವ ಮೊದಲು ಟಾರ್ಚ್ ಹಾಕಿ

ನಮ್ಮ ಮನೆಯಲ್ಲಿ ಎರಡು ಕೋವಿ ಇವೆ. ಒಂದು ಅಜ್ಜನ ಕಾಲದ ಕೇಪಿನ ಕೋವಿ, ಇನ್ನೊಂದು ಅಪ್ಪ ತಗೊಂಡ ಒಂಟಿ ನಳಿಗೆಯ ತೋಟಾ ಕೋವಿ. ಎರಡಕ್ಕೂ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು, ಚರೆ ತುಂಬಿ ಜಡಿಯಬೇಕು. ಮಳೆಗಾಲದಲ್ಲಿ ಮದ್ದು ತಂಡಿ ಹಿಡಿದರೆ ಹೊತ್ತೋದೇ ಇಲ್ಲ. 12 ಬೋರಿನ ತೋಟಾ ಕೋವಿಗೆ ಆ ರಗಳೆ ಇಲ್ಲ. ಅದಕ್ಕೇ ನಮ್ಮ ಮಲೆನಾಡಿನ ಹುಡುಗರಿಗೆ ಅದೇ ಇಷ್ಟ.

ಹೋದ ವರ್ಷ ಭತ್ತ ಹಾಲುಗಟ್ಟುವ ಹೊತ್ತು. ರಾತ್ರಿ ಗದ್ದೆ ಕಾಯ್ತಾ ಇದ್ದೆ. ಅಂಚಿನಲ್ಲಿ ಸರಸರ ಸದ್ದು. ಹಂದಿಯೇ ಅಂದ್ಕೊಂಡು ಕೋವಿ ಹೆಗಲಿಗೇರಿಸಿದೆ. ಯಾಕೋ ಮನಸ್ಸು ತಡೀತು. ಟಾರ್ಚ್ ಹಾಕಿದರೆ ಪಕ್ಕದ ಮನೆ ಚಿಕ್ಕಪ್ಪ! ತಪ್ಪಿಸಿಕೊಂಡ ಎಮ್ಮೆ ಹುಡುಕ್ತಾ ಬಂದಿದ್ರು. ಬೆಳಗಿನವರೆಗೂ ನನ್ನ ಕೈ ನಡುಗ್ತಾನೇ ಇತ್ತು.

ಹಂದಿಯೇ ಆಗಿದ್ದರೂ ಹೊಡೆಯೋದು ತಪ್ಪೇ. ಇಷ್ಟು ನೆನಪಿರಲಿ:

• ಲೈಸೆನ್ಸ್ ಇರೋದು ಕೋವಿ ಇಟ್ಟುಕೊಳ್ಳೋಕೆ, ಬೇಟೆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ, ಕಾಡುಹಂದಿ, ಮೊಲ ಹೊಡೆದರೆ ಜೈಲಾಗಬಹುದು. ಅರಣ್ಯ ಇಲಾಖೆಯ ಲಿಖಿತ ಆದೇಶವಿಲ್ಲದೆ ಹೊಡೆಯುವಂತಿಲ್ಲ.
• ತುಂಬಿದ ಕೋವಿ ಮನೆಯೊಳಗೆ ತರಬೇಡಿ. ಕೋವಿ, ತೋಟಾ ಬೇರೆ ಬೇರೆ ಬೀಗದಲ್ಲಿಡಿ.
• ಬೆಳೆ ಹಾಳಾದ್ರೆ ಮೊಬೈಲಲ್ಲಿ ಫೋಟೊ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಈ ವರ್ಷ ಗದ್ದೆ ಸುತ್ತ ಸೋಲಾರ್ ಬೇಲಿ ಹಾಕಿದ್ದೇನೆ. ಕೋವಿ ಬೀಗದಲ್ಲಿದೆ. ಚಿಕ್ಕಪ್ಪನ ಎಮ್ಮೆ ಈಗಲೂ ತಪ್ಪಿಸ್ಕೊಳ್ಳುತ್ತೆ. ಅವರು ಮಾತ್ರ ದೂರದಿಂದಲೇ ನನ್ನ ಹೆಸರು ಕೂಗ್ತಾ ಬರ್ತಾರೆ.