ಬಸುರಿಯ ಹಲ್ಲುನೋವು: ‘ಹೆರಿಗೆಯಾದ ಮೇಲೆ ನೋಡೋಣ’ ಎನ್ನುವ ಮುನ್ನ

ಬೆಳಗ್ಗೆ ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ರಕ್ತ ಕಂಡರೆ ಮೂರು ತಿಂಗಳ ಗರ್ಭಿಣಿ ಗಾಬರಿಯಾಗುತ್ತಾಳೆ. ಅತ್ತೆಯನ್ನು ಕೇಳಿದರೆ, ‘ಬಸುರಿಯಲ್ಲಿ ಇದೆಲ್ಲ ಇದ್ದದ್ದೇ, ಹೆರಿಗೆಯಾದ ಮೇಲೆ ನೋಡೋಣ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಊರಿಗೆ ಫೋನ್ ಮಾಡಿದರೆ ತಾಯಿಯದ್ದೂ ಅದೇ ಮಾತು. ಮರುದಿನದಿಂದ ಆಕೆ ರಕ್ತ ಬರುವ ಕಡೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾಳೆ. ತೊಂದರೆ ಬೆಳೆಯುವುದು ಅಲ್ಲಿಂದಲೇ.

ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಗರ್ಭಿಣಿಯರಲ್ಲಿ ನೂರಕ್ಕೆ 60ರಿಂದ 75 ಮಂದಿಗೆ ವಸಡಿನ ಉರಿಯೂತ ಕಾಣಿಸಿಕೊಳ್ಳುತ್ತದೆ ಎಂಬ ಅಂದಾಜಿದೆ. ದೇಹದಲ್ಲಿ ಪ್ರೊಜೆಸ್ಟೆರಾನ್, ಈಸ್ಟ್ರೋಜನ್ ಹಾರ್ಮೋನುಗಳು ಏರುವುದರಿಂದ ವಸಡಿಗೆ ರಕ್ತಸಂಚಾರ ಹೆಚ್ಚಿ, ಸ್ವಲ್ಪ ತಾಗಿದರೂ ರಕ್ತ ಒಸರುತ್ತದೆ. ಕೆಲವರಿಗೆ ಹಲ್ಲುಗಳ ಸಂದಿಯಲ್ಲಿ ಕೆಂಪು ಗಡ್ಡೆಯಂತೆ ಮಾಂಸ ಬೆಳೆಯುವುದೂ ಉಂಟು. ಅದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ಹೆರಿಗೆಯ ನಂತರ ತಾನಾಗಿ ಇಳಿಯುತ್ತದೆ. ಆದರೂ ವೈದ್ಯರಿಗೆ ಒಮ್ಮೆ ತೋರಿಸಬೇಕು.

ಆದರೆ ಹಾರ್ಮೋನು ಉರಿಯುವ ಬೆಂಕಿಗೆ ಗಾಳಿ ಹಾಕುತ್ತದೆಯಷ್ಟೆ. ಬೆಂಕಿ ಇರುವುದು ಹಲ್ಲಿನ ಬುಡದಲ್ಲಿ ಅಂಟಿ ನಿಂತ ಕೊಳೆಯಲ್ಲಿ, ಅದರೊಳಗಿನ ಬ್ಯಾಕ್ಟೀರಿಯಾಗಳಲ್ಲಿ. ಆದ್ದರಿಂದ ರಕ್ತ ಬರುವ ಜಾಗವನ್ನೇ ಮೃದು ಬ್ರಷ್‌ನಿಂದ ನಿಧಾನವಾಗಿ, ದಿನಕ್ಕೆ ಎರಡು ಸಲ ಉಜ್ಜಬೇಕು. ಬಿಟ್ಟರೆ ಬ್ಯಾಂಕಿನ ಬಾಕಿಯ ಹಾಗೆ, ಬಡ್ಡಿ ಸೇರುತ್ತಲೇ ಹೋಗುತ್ತದೆ.

‘ಒಂದು ಮಗುವಿಗೆ ಒಂದು ಹಲ್ಲು’ ಎಂಬ ಮಾತೂ ನಮ್ಮವರಲ್ಲಿ ಚಾಲ್ತಿಯಲ್ಲಿದೆ. ಹೊಟ್ಟೆಯ ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಹೀರುತ್ತದೆ ಎಂಬ ನಂಬಿಕೆ ಇದರ ಮೂಲ. ಇದು ತಪ್ಪು. ಮಗುವಿಗೆ ಕ್ಯಾಲ್ಸಿಯಂ ಸಿಗುವುದು ತಾಯಿಯ ಆಹಾರದಿಂದ, ಅದು ಸಾಲದಾದಾಗ ಅವಳ ಮೂಳೆಯಿಂದ. ಹಲ್ಲು ಹಾಳಾಗುವುದಕ್ಕೆ ಬೇರೆ ಕಾರಣಗಳಿವೆ. ಬಯಕೆಯ ಸಿಹಿ ತಿಂಡಿ, ಹೊತ್ತಲ್ಲದ ಹೊತ್ತಿನ ತಿನ್ನಾಟ ಒಂದಾದರೆ ವಾಂತಿ ಇನ್ನೊಂದು. ವಾಂತಿಯೊಡನೆ ಬರುವ ಹೊಟ್ಟೆಯ ಆಮ್ಲ ಹಲ್ಲಿನ ಹೊರಕವಚವನ್ನು ಮೆತ್ತಗೆ ಮಾಡುತ್ತದೆ. ವಾಂತಿಯಾದ ಕೂಡಲೇ ಬಾಯಿ ವಾಸನೆಯೆಂದು ಗಸಗಸ ಉಜ್ಜಿದರೆ ಆ ಕವಚವೇ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿದು, ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ ಬ್ರಷ್ ಮಾಡುವುದು ಸರಿ.

ಮಹಾರಾಷ್ಟ್ರದಲ್ಲಿ ನೆಲೆಸಿದವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಸ್ತು ಮಿಶ್ರಿ. ನೆರೆಮನೆಯವರ ಸಲಹೆಯ ಮೇರೆಗೆ ಹಲ್ಲುನೋವಿಗೆಂದು ಬೆರಳಲ್ಲಿ ತಿಕ್ಕಿಕೊಳ್ಳುವ ಈ ಕಪ್ಪು ಪುಡಿ ಸುಟ್ಟ ತಂಬಾಕಲ್ಲದೆ ಬೇರೇನಲ್ಲ. ಬಾಯಿಗೆ ಹಾಕುವ ತಂಬಾಕಿನಿಂದ ಮಗುವಿನ ತೂಕ ಇಳಿಯುವುದನ್ನೂ ಅವಧಿಗೆ ಮುನ್ನ ಹೆರಿಗೆಯಾಗುವುದನ್ನೂ ಮುಂಬಯಿಯ ಗರ್ಭಿಣಿಯರಲ್ಲೇ ಅಧ್ಯಯನ ನಡೆಸಿ ಕಂಡುಕೊಳ್ಳಲಾಗಿದೆ. ಊಟದ ಮೇಲಿನ ಎಲೆಯಡಿಕೆಯನ್ನೂ ‘ಸುಣ್ಣ ಒಳ್ಳೆಯದು’ ಎಂದು ಸಮರ್ಥಿಸುವವರಿದ್ದಾರೆ. ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಎಷ್ಟೋ ವರ್ಷಗಳಾದವು. ಅಡಿಕೆ ಬೆಳೆಯುವ ಸೀಮೆಯಿಂದ ಬಂದವರಿಗೆ ಇದು ರುಚಿಸದ ಮಾತು, ಆದರೂ ಹೇಳಲೇಬೇಕು.

ಇನ್ನು ಚಿಕಿತ್ಸೆಯ ಭಯ. ಬಸುರಿಯಲ್ಲಿ ಹಲ್ಲಿಗೆ ಕೈ ಹಾಕಿದರೆ ಮಗುವಿಗೆ ಅಪಾಯ ಎಂಬುದು ಬಹಳ ಹಳೆಯ ಅಂಜಿಕೆ. ಅಮೆರಿಕದಲ್ಲಿ ವಸಡುರೋಗವಿದ್ದ 823 ಗರ್ಭಿಣಿಯರ ಮೇಲೆ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಗರ್ಭಾವಸ್ಥೆಯಲ್ಲೇ ಚಿಕಿತ್ಸೆ ಪಡೆದವರ ವಸಡು ಸುಧಾರಿಸಿತು, ತಾಯಿಗಾಗಲಿ ಮಗುವಿಗಾಗಲಿ ಅದರಿಂದ ತೊಂದರೆಯಾಗಲಿಲ್ಲ. ಅವಧಿಪೂರ್ವ ಹೆರಿಗೆ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಹಲ್ಲು ಶುಚಿ ಮಾಡಿಸುವುದು, ಹುಳುಕು ತುಂಬಿಸುವುದು, ಅನಿವಾರ್ಯವಾದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೀಳುವುದು ಎಲ್ಲವೂ ಆಗುವ ಕೆಲಸಗಳೇ. ಕೀವು ತುಂಬಿದ ಹಲ್ಲನ್ನು ಹಾಗೆಯೇ ಇಟ್ಟುಕೊಳ್ಳುವುದೇ ಹೆಚ್ಚು ಅಪಾಯ.

ತುರ್ತಲ್ಲದ ಚಿಕಿತ್ಸೆಗೆ ಅನುಕೂಲವಾದದ್ದು ನಾಲ್ಕರಿಂದ ಆರನೆಯ ತಿಂಗಳು. ವಾಂತಿ ತಗ್ಗಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ. ನಮ್ಮಲ್ಲಿ ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳು ತವರಿಗೆ ರೈಲು ಹತ್ತುತ್ತಾಳೆ. ಅಲ್ಲಿ ಹಳ್ಳಿಮನೆಯಲ್ಲಿ ಮಧ್ಯರಾತ್ರಿ ಹಲ್ಲುನೋವು ಬಂದರೆ ದಂತವೈದ್ಯರನ್ನು ಎಲ್ಲಿ ಹುಡುಕುವುದು? ಸೀಮಂತದ ಹಾಲ್, ಊಟ, ವೀಡಿಯೋಗೆ ಮೊದಲೇ ಮುಂಗಡ ಕೊಡುವವರು ಅದೇ ವಾರ ದಂತವೈದ್ಯರ ಭೇಟಿಯನ್ನೂ ಗೊತ್ತುಮಾಡಬಹುದು.

ಮೆಡಿಕಲ್ ಅಂಗಡಿಯಿಂದ ಕೇಳಿ ತಂದ ಮಾತ್ರೆ ಮಾತ್ರ ಬೇಡ. ಟೆಟ್ರಾಸೈಕ್ಲಿನ್ ಹುಟ್ಟಲಿರುವ ಮಗುವಿನ ಹಲ್ಲಿನ ಬಣ್ಣವನ್ನೇ ಕೆಡಿಸುತ್ತದೆ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ, ಮುಖ್ಯವಾಗಿ ಐದನೆಯ ತಿಂಗಳ ನಂತರ, ಸಲ್ಲದು. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ, ಅದನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಖಾಸಗಿ ಕ್ಲಿನಿಕ್ಕಿನ ಖರ್ಚು ಭಾರವೆನಿಸುವ ಮುಂಬಯಿ ಕನ್ನಡಿಗರಿಗೆ ಮುಂಬಯಿ ಸೆಂಟ್ರಲ್‌ನ ಪಾಲಿಕೆಯ ನಾಯರ್ ದಂತ ಆಸ್ಪತ್ರೆಯೂ ಸಿಎಸ್‌ಎಂಟಿ ಸಮೀಪದ ಸರಕಾರಿ ದಂತ ಕಾಲೇಜೂ ಇವೆ. ಕೇಸ್ ಪೇಪರ್ ಮಾಡಿಸುವಾಗಲೇ ಎಷ್ಟನೆಯ ತಿಂಗಳು ಎಂಬುದನ್ನು ತಿಳಿಸಬೇಕು, ಹೆರಿಗೆ ಡಾಕ್ಟರರ ಫೈಲೂ ಜತೆಗಿರಲಿ. ಕುರ್ಚಿಯಲ್ಲಿ ಅಂಗಾತ ಮಲಗಿದಾಗ ತಲೆ ಸುತ್ತಿದರೆ ಸಂಕೋಚಪಡದೆ ಹೇಳಿ, ಎಡಕ್ಕೆ ಸ್ವಲ್ಪ ವಾಲಿಕೊಳ್ಳಬೇಕು. ಸಂಘಗಳು ಏರ್ಪಡಿಸುವ ಉಚಿತ ಆರೋಗ್ಯ ಶಿಬಿರಗಳಲ್ಲಿ ಕಣ್ಣು, ಸಕ್ಕರೆ, ರಕ್ತದೊತ್ತಡದ ಮೇಜುಗಳ ಪಕ್ಕದಲ್ಲಿ ದಂತವೈದ್ಯರಿಗೂ ಒಂದು ಕುರ್ಚಿ ಹಾಕಿದರೆ, ‘ಹಲ್ಲು ತೋರಿಸಬೇಕು’ ಎಂದು ಅತ್ತೆಯ ಮುಂದೆ ಹೇಳಲು ಹಿಂಜರಿಯುವ ಸೊಸೆಯೂ ಅಲ್ಲಿ ಬಂದು ಕೂತಾಳು.